ತಾನಾಗಿ ಬಂದ ‘ದಿವಂಗತ’

"ಇನ್ನು ಮುಂದೆ ಸತ್ತವರಿಗೋಸ್ಕರ ಸಾಯೋ ಹಾಗೆ ದುಡಿಯೋದಿಲ್ಲ!" ಎಂದು ಚಿತ್ರಗುಪ್ತರು ಬೆಳಗ್ಗೆಯೇ ಘೋಷಿಸಿಬಿಟ್ಟರು. ಪತ್ರಿಕೆಯೊಂದಕ್ಕೆ ಮನೆಯಿಂದಲೇ ನಿಧನವಾರ್ತೆಗಳನ್ನು ಟೈಪ್ ಮಾಡಿಕೊಡುವುದು ಅವರ ಕೆಲಸ. ಈ ಅಡ್ಡಹೆಸರು ಸಹೋದ್ಯೋಗಿಗಳು ಇಟ್ಟದ್ದು.

"ನೋಡು, ಹಿಂದೆಲ್ಲಾ ಕಟ್ ಅಂಡ್ ಪೇಸ್ಟ್ ಅಂದ್ರೆ ನಿಜವಾದ ಕತ್ತರಿ, ನಿಜವಾದ ಗೋಂದು! ಆಮೇಲೆ ಮೇಜಿನಷ್ಟು ದೊಡ್ಡ ಯಂತ್ರ ಬಂತು. ಹಾಡು ತುಂಬಿಡೋ ಹಾಗೆ ಪತ್ರಗಳನ್ನ ಟೇಪಿನಲ್ಲಿ ತುಂಬಿಡ್ತಿತ್ತು. ಈಗ? ಈ ಲ್ಯಾಪ್‌ಟಾಪಿಗೆ ಒಂದು ಸಲ ಹೇಳಿಕೊಟ್ರೆ ಸಾಕು, ಪದಗಳನ್ನ ತಾನೇ ತಿದ್ದಿಕೊಳ್ಳುತ್ತೆ!"

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತಾ ಅಂದರು: "ನಿಮಗೆ ಮದುವೆಯಾದಾಗಿನಿಂದ ಹೇಳಿಕೊಡ್ತಿದೀನಿ. ಒಂದಕ್ಷರ ತಿದ್ದಿಕೊಂಡಿಲ್ಲ."

ಬಾಗಿಲು ಮುಚ್ಚಿತು. ಮನೆ ನಿಶ್ಶಬ್ದವಾಯಿತು. ಕೆಲಸ ಬೇಗ ಮುಗಿದ ಹುರುಪಿನಲ್ಲಿ ಚಿತ್ರಗುಪ್ತರು ಪತ್ರಿಕೆಯ ವ್ಯವಸ್ಥಾಪಕರಿಗೆ ಎರಡು ದಿನದ ರಜೆಯ ಅರ್ಜಿ ಬರೆದು, ಕೆಳಗೆ ಹೆಸರು ಟೈಪಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಳಿಸಿಬಿಟ್ಟರು. ಆಮೇಲೆ ಪರದೆ ನೋಡಿದರು.

‘ಇಂತಿ ತಮ್ಮ ವಿಶ್ವಾಸಿ, ದಿವಂಗತ...’ ಅದರ ಮುಂದೆ ಅವರದೇ ಹೆಸರು!

ಕೈ ತಪ್ಪಿರಬೇಕೆಂದು ಅಳಿಸಿ ಮತ್ತೆ ಟೈಪಿಸಿದರು. ಕೊನೆಯ ಅಕ್ಷರ ಮುಗಿದು ಅಂತರ ಬಿಟ್ಟದ್ದೇ ತಡ, ಹೆಸರು ಪಕ್ಕಕ್ಕೆ ಸರಿಯಿತು. ಯಾರೋ ಜಾಗ ಕೇಳಿದಂತೆ. ಆ ಜಾಗದಲ್ಲಿ ‘ದಿವಂಗತ’ ಬಂದು ಕೂತಿತು. ಹೆಂಡತಿಯ ಹೆಸರು ಹಾಕಿ ನೋಡಿದರು. ಏನೂ ಇಲ್ಲ. ಭಾವಮೈದುನನ ಹೆಸರು ಹಾಕಿದರು. ಅವನೂ ಗಟ್ಟಿಯಾಗಿದ್ದ! ತಮ್ಮದು ಹಾಕಿದರೆ ಮಾತ್ರ ದಿವಂಗತ. ಹೊರಗೆ ಹಾಡಹಗಲು, ಒಳಗೆ ತಮ್ಮ ಉಸಿರೇ ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡು, ಮಂಚದ ಮೇಲೆ ಮಲಗಿ, ತಲೆತನಕ ಹೊದ್ದುಕೊಂಡು ಕಾದರು.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಹೊದಿಕೆ ಸರಿಸಿ ನಾಡಿ ಹಿಡಿದರು. "ಎಪ್ಪತ್ತೆಂಟು. ಏಳಿ."

"ನಾನು ಹೊರಟೆ ಕಣೇ. ಯಂತ್ರಕ್ಕೆ ಮೊದಲೇ ಗೊತ್ತಾಗಿದೆ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ವ್ಯವಸ್ಥಾಪಕರು.

"ಈಗಷ್ಟೇ ಅರ್ಜಿ ನೋಡಿದೆನಮ್ಮಾ. ಯಾವಾಗ ಹೋದ್ರು?"

"ಎಲ್ಲೂ ಹೋಗಿಲ್ಲ ಸರ್, ಮಂಚದ ಮೇಲೇ ಇದ್ದಾರೆ."

"ಅಯ್ಯೋ, ಇನ್ನೂ ಎತ್ತಿಲ್ವಾ?"

"ಎಬ್ಬಿಸೋಕೆ ನೋಡಿದೆ, ಏಳ್ತಿಲ್ಲ."

"ಸಮಾಧಾನ ಮಾಡ್ಕೊಳ್ಳಮ್ಮಾ. ರಜೆ ಮಂಜೂರು ಮಾಡಿದೀನಿ. ಎರಡೇ ದಿನ ಯಾಕೆ ಕೇಳಿದ್ರೋ ಪಾಪ!"

ಹೆಂಡತಿ ಫೋನಿಟ್ಟು, ಲ್ಯಾಪ್‌ಟಾಪ್ ಎಳೆದುಕೊಂಡು, ಗಂಡನ ಹೆಸರನ್ನು ತಾವೇ ಟೈಪಿಸಿದರು. ಹೆಸರು ಸರಿಯಿತು, ಆ ಪದ ಬಂದು ಕೂತಿತು. ಆಮೇಲೆ ಏನೋ ಹೊಳೆದು, ಯಂತ್ರ ತಾನೇ ತಿದ್ದುವ ಪದಗಳ ಪಟ್ಟಿಯನ್ನು ತೆರೆದರು. "ನಿನ್ನೆ ಇದಕ್ಕೆ ಏನು ಹೇಳಿಕೊಟ್ರಿ?"

"ಒಂದು ಮನೆಯವರು ತೀರಿಕೊಂಡವರ ಹೆಸರು ಬಂದಲ್ಲೆಲ್ಲಾ ಮೊದಲು ದಿವಂಗತ ಅಂತ ಇರಲಿ ಅಂದಿದ್ರು. ಅವರ ಈ-ಮೇಲಿನಿಂದ ಹೆಸರು ಎತ್ತಿ ಇಲ್ಲಿ ಅಂಟಿಸಿದೆ. ಅಷ್ಟೇ!"

"ಯಾರ ಹೆಸರು?"

ಚಿತ್ರಗುಪ್ತರು ಅದನ್ನು ಓದಿರಲಿಲ್ಲ. ಓದುತ್ತಾ ಕೂತರೆ ವೇಗ ಎಲ್ಲಿಂದ ಬರಬೇಕು?

"ನಿಮ್ಮದೇ ಹೆಸರು," ಎಂದರು ಹೆಂಡತಿ ಮೆಲ್ಲಗೆ. "ಅಕ್ಷರ ಅಕ್ಷರವೂ ಅದೇ. ಸತ್ತಿದ್ದು ಬೇರೆಯವರು."

ಹೋದ ಜೀವ ಮರಳಿ ಬಂತು! ಚಿತ್ರಗುಪ್ತರು ಹೊದಿಕೆ ಕಿತ್ತೆಸೆದು ಎದ್ದರು. ಮತ್ತೆ ಫೋನ್ ಬಡಿದುಕೊಂಡಿತು. ವ್ಯವಸ್ಥಾಪಕರೇ ಇರಬೇಕೆಂದು ಕಸಿದುಕೊಂಡು, ಎದೆಯುಬ್ಬಿಸಿ, ತಮ್ಮ ಪೂರ್ತಿ ಹೆಸರು ಹೇಳಿ, "ನಾನೇ ಮಾತಾಡ್ತಿರೋದು!" ಎಂದು ಗುಡುಗಿದರು.

ಆ ಕಡೆಯಿಂದ ಮನೆತುಂಬ ಜನರಿರುವ ಗುಜುಗುಜು ಮಾತ್ರ. ಆಮೇಲೆ ಆ ಮನೆಯಿಂದ ನಿಧನವಾರ್ತೆಯ ವಿಷಯ ಕೇಳಲು ಫೋನ್ ಮಾಡಿದ್ದ ಒಂದು ಹೆಣ್ಣು ದನಿ, ನಡುಗುತ್ತಾ:

"...ಅಪ್ಪಾ?"

ಚಿತ್ರಗುಪ್ತರ ಎದೆಯ ಗಾಳಿಯೆಲ್ಲಾ ಇಳಿದುಹೋಯಿತು. ಕುರ್ಚಿಗಾಗಿ ತಡಕಾಡಿ ಕೂತರು.

"ಅಲ್ಲಮ್ಮಾ," ಎಂದರು, ಹೆಂಡತಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ. "ನಾನು... ಸದ್ಯಕ್ಕೆ ಉಳಿದಿರೋನು."