ಭಾವನ ಇಳಿಜಾರು ತೋಟ

ನಮ್ಮ ಭಾವನಿಗೆ ಹುಚ್ಚು ಎಂದು ನಾನು ಹೇಳಲಾರೆ. ಅಕ್ಕನ ಕಿವಿಗೆ ಬಿದ್ದರೆ ನನ್ನ ಗತಿ? ಆದರೆ ಮರಳುಗಾಡಿಗೆ ದುಡಿಯಲು ಬಂದು ಚಳಿಯಲ್ಲಿ ಗಡಗಡ ನಡುಗಿದವನು ಯಾರಾದರೂ ಇದ್ದರೆ ಅದು ನಾನು, ನಡುಗಿಸಿದವರು ಭಾವ!

ತೊಂಬತ್ತರ ದಶಕದ ಮಾತು. ದೋಹಾದ ಅಲ್ ಮುಂತಜಾದಲ್ಲಿ ಒಂದು ಹಳೆಯ ಕಟ್ಟಡದ ಪುಟ್ಟ ಮನೆಯಲ್ಲಿ ನಾವಿಬ್ಬರೂ ಇದ್ದೆವು. ಮದುವೆಯಾದ ತಿಂಗಳಿಗೇ ಅಕ್ಕನನ್ನು ಊರಲ್ಲಿ ಬಿಟ್ಟು ಬಂದಿದ್ದ ಭಾವ, ಅವಳ ಬೇಜಾರು ಕಳೆಯಲೆಂದು ಫೋನಿನಲ್ಲಿ, "ನಿನಗೋಸ್ಕರ ಇಲ್ಲಿ ಹೂವಿನ ತೋಟ ಮಾಡಿದ್ದೇನೆ" ಎಂದುಬಿಟ್ಟಿದ್ದರು. ತೋಟವಂತೆ! ನಮಗೆ ಬಟ್ಟೆ ಒಣಗಿಸಲಿಕ್ಕೇ ಜಾಗವಿರಲಿಲ್ಲ. ಅಷ್ಟರಲ್ಲಿ ಫ್ಯಾಮಿಲಿ ವೀಸಾ ಸಿಕ್ಕಿಯೇಬಿಟ್ಟಿತು. ಚಳಿಗಾಲ ಮುಗಿಯುವುದರೊಳಗೆ ಅಕ್ಕ ಬರುವುದು ಖಾತ್ರಿಯಾಯಿತು.

ಭಾವ ತಮ್ಮ ಆಫೀಸಿನ ತುರ್ಕಿ ಸ್ನೇಹಿತನ ಬಳಿ ಗೋಳು ತೋಡಿಕೊಂಡರು. ಆತ ರಜೆಗೆ ಹೋದವನು, ತನ್ನೂರಿನ ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವ ಹಳದಿ ಐರಿಸ್ ಹೂವಿನ ಗೆಡ್ಡೆಯೊಂದನ್ನು ತಂದುಕೊಟ್ಟ. ಬೆಳ್ಳುಳ್ಳಿಗಿಂತ ಚಿಕ್ಕದು! "ಮೊದಲು ಚಳಿ ಬೇಕು. ಒಮ್ಮೆ ಹೂ ಬಿಟ್ಟರೆ ಗೆಡ್ಡೆ ಚೂರುಚೂರಾಗುತ್ತದೆ, ಮತ್ತೆ ವರ್ಷಗಟ್ಟಲೆ ಕಾಯಬೇಕು" ಎಂದನಂತೆ.

ಸರಿ, ಗೆಡ್ಡೆ ಫ್ರಿಜ್ ಸೇರಿತು. ನನ್ನ ಬಂಗುಡೆ ಹೊರಬಿತ್ತು.

"ಮೀನು ಎಲ್ಲಿಡುವುದು ಭಾವ?"

"ಫ್ರಿಜ್ಜಲ್ಲಿ ಮಾಫಿ, ಜಾಗ ಇಲ್ಲ! ಅದು ಬೆಟ್ಟದ್ದು ಮಾರಾಯ, ಸಮುದ್ರದ ವಾಸನೆ ಅದಕ್ಕೆ ಆಗಲಿಕ್ಕಿಲ್ಲ."

ಹೀಗಾಗಿ ತಂದ ಮೀನನ್ನೆಲ್ಲ ಆ ಹೊತ್ತೇ ತಿಂದು ಮುಗಿಸಬೇಕಾಯಿತು. ಅದರಿಂದ ನನಗೇನೂ ಬೇಸರವಾಗಲಿಲ್ಲ ಅನ್ನಿ.

ಆಮೇಲೆ ಗೆಡ್ಡೆಯನ್ನು ಚಟ್ಟಿಯಲ್ಲಿ ನೆಟ್ಟರು. ಮರುದಿನ ನೋಡಿದರೆ ಚಟ್ಟಿ ವಾರೆಯಾಗಿ ನಿಂತಿದೆ, ಒಂದು ಬದಿಯ ಅಡಿಗೆ ದಪ್ಪ ಟೆಲಿಫೋನ್ ಡೈರೆಕ್ಟರಿ!

"ಇದೆಂಥದು ಭಾವ?"

"ಇಳಿಜಾರು. ಅದಕ್ಕೆ ಅಭ್ಯಾಸ ತಪ್ಪಬಾರದಲ್ಲ!"

ಹಾಕಿದ ನೀರೆಲ್ಲ ಕಾರ್ಪೆಟ್ಟಿನ ಪಾಲಾಯಿತು. ಒರೆಸುವ ಕೆಲಸ ಯಾರದೆಂದು ಬೇರೆ ಹೇಳಬೇಕೇ?

ಇನ್ನು ಏಸಿ. ದೋಹಾದಲ್ಲಿ ಎಲ್ಲರೂ ಏಸಿ ಬಂದ್ ಮಾಡಿ ಹಾಯಾಗಿರುವ ತಿಂಗಳಲ್ಲಿ ನಮ್ಮ ಮನೆಯದು ಒಂದೇ ಸಮನೆ ಓಡುತ್ತಿತ್ತು. ನನಗೆ ಸ್ವೆಟರ್, ಕಂಬಳಿ, ಮಂಕಿ ಟೋಪಿ! "ಭಾವ, ನನಗೆ ನೆಗಡಿ" ಎಂದರೆ, "ನಿನಗೆ ಮಾತ್ರೆ ಉಂಟು. ಅದಕ್ಕೆ ಉಂಟಾ?" ಎಂದರು.

ಅಂತೂ ಗಿಡದಲ್ಲಿ ಒಂದು ಮೊಗ್ಗು ಮೂಡಿತು, ಆದರೆ ಅಕ್ಕ ಬಂದಿಳಿದ ದಿನ ಬೆಳಿಗ್ಗೆಯೂ ಅದು ಮೊಗ್ಗಾಗಿಯೇ ಇತ್ತು. ಏರ್‌ಪೋರ್ಟಿನಿಂದ ಹೊರಟ ಭಾವನ ಕಾರು ಮನೆಯ ಕಡೆ ತಿರುಗಲೇ ಇಲ್ಲ. ಕಡಲತೀರದ ಕಾರ್ನಿಷ್ ರಸ್ತೆಯಲ್ಲಿ ಹೋಗುವುದು, ಬರುವುದು, ಮತ್ತೆ ಹೋಗುವುದು. ಹೂವಿಗೆ ಸಮಯ ಕೊಡಬೇಕಲ್ಲ!

"ತಮ್ಮಾ, ಈ ಸಮುದ್ರ ಆಗಲೇ ನೋಡಿ ಆಯ್ತಲ್ಲ?" ಅಕ್ಕ ಪಿಸುಗುಟ್ಟಿದಳು.

"ಇಲ್ಲಿ ಸಮುದ್ರ ತುಂಬಾ ಉಂಟು ಅಕ್ಕ" ಎಂದೆ.

ಕೊನೆಗೂ ಮನೆ ಸೇರಿ ಬಾಗಿಲು ತೆರೆದರೆ, ನಂಬಿ, ಹೂ ಅರಳಿತ್ತು! ಗಿಡ ಗೇಣುದ್ದವೂ ಇಲ್ಲ. ಆದರೆ ಹೂವು ಮಾತ್ರ ಅಪ್ಪಟ ಅರಿಶಿನದ ಬಣ್ಣ.

"ತೋಟ ಎಲ್ಲಿ?" ಅಕ್ಕ ಕೇಳಿದಳು.

ಭಾವ ವಾರೆ ಚಟ್ಟಿಯತ್ತ ಕೈ ತೋರಿಸಿದರು. "ಇಷ್ಟೇ" ಎಂದರು. ಅವರ ಮುಖ ನೋಡಿ ನನಗೆ ಪಾಪ ಅನಿಸಿತು.

ಅಕ್ಕ ಚಟ್ಟಿಯ ಹತ್ತಿರ ಹೋದಳು. ಆಮೇಲೆ ಬಗ್ಗಿ ಆ ಹೂವನ್ನು ಕಿತ್ತೇಬಿಟ್ಟಳು! ಅವಳು ಅದನ್ನು ಜಡೆಗೆ ಸಿಕ್ಕಿಸಿಕೊಂಡು, "ನನ್ನ ಮುಡಿಗೆ ಇಷ್ಟೇ ಸಾಕು" ಎಂದಳು.

ಭಾವ ಹೋಗಿ ಏಸಿ ಆರಿಸಿದರು.

"ಖಲಾಸ್. ಕಿಟಕಿ ತೆಗಿ ಮಾರಾಯ" ಎಂದರು ನನ್ನತ್ತ ತಿರುಗಿ, "ನಿನ್ನ ಅಕ್ಕನಿಗೆ ಚಳಿ ಆಗ್ತದೆ."