ಹೆಂಡತಿಯ ಪರವಾಗಿ ನೋಟ್ಸು

ಮೂವತ್ತು ವರ್ಷದಿಂದ ಕೋರ್ಟಿನಲ್ಲಿ ಸ್ಟೆನೋ ಆಗಿರುವವರ ಮನೆಯಲ್ಲೇ ಒಬ್ಬರು ನೋಟ್ಸು ಬರೆಯಲು ಕೂತು ಅರ್ಧ ಪುಟ ಖಾಲಿ ಬಿಟ್ಟರೆ ಆ ಮನುಷ್ಯನ ಹೊಟ್ಟೆ ಉರಿಯದೆ ಇನ್ನೇನಾದೀತು? ಸ್ಟೆನೋ ಸಾಹೇಬರ (ಬೀದಿಯವರೆಲ್ಲ ಕರೆಯುವುದು ಹಾಗೆಯೇ, ಸ್ವಂತ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ) ಸಂಕಟ ಇದೇ.

ಬರೆಯುತ್ತಿದ್ದವಳು ಮಗಳಲ್ಲ, ಹೆಂಡತಿ. ಮದುವೆಗೆಂದು ಬಿಟ್ಟ ಓದನ್ನು ನಲವತ್ತಮೂರನೇ ವಯಸ್ಸಿಗೆ ಮತ್ತೆ ಹಿಡಿದು ಬೆಳಗಿನ ಕಾಲೇಜಿಗೆ ಸೇರಿದ್ದಳು. ವಿಷಯ ಮನಃಶಾಸ್ತ್ರ. ಅವಳ ಪದ್ಧತಿಯೇ ಬೇರೆ. ಪುಟದ ಎಡಕ್ಕೆ ಉದ್ದಕ್ಕೊಂದು ಗೆರೆ ಎಳೆದು, ಬಲಗಡೆ ಮೇಷ್ಟ್ರು ಹೇಳಿದ್ದರಲ್ಲಿ ಮುಖ್ಯವಾದದ್ದನ್ನಷ್ಟೇ ಬರೆಯುವಳು. ಮನೆಗೆ ಬಂದ ಮೇಲೆ ಎಡಗಡೆ ಪ್ರಶ್ನೆಗಳು. ಕೆಳಗೆ, ಇಡೀ ಪಾಠದ ತಿರುಳು ಸ್ವಂತ ಮಾತಿನಲ್ಲಿ ಎರಡೇ ಸಾಲು. ಆಮೇಲೆ ಬಲಭಾಗವನ್ನು ಒಂದು ತಟ್ಟೆಯಿಂದ ಮುಚ್ಚಿಟ್ಟು, ಪಾತ್ರೆ ಒರೆಸುತ್ತಾ ಆ ಪ್ರಶ್ನೆಗಳಿಗೆ ತಾನೇ ಉತ್ತರ ಹೇಳಿಕೊಳ್ಳುವಳು. ಬೋರ್ಡಿನ ಫೋಟೊ ಹೊಡೆದುಕೊಂಡು ಅದನ್ನು ಜನ್ಮದಲ್ಲಿ ತೆರೆದು ನೋಡದ ಹದಿನೆಂಟರ ಸಹಪಾಠಿಗಳು "ಆಂಟಿ, ನಿಮ್ಮ ನೋಟ್ಸ್ ಕೊಡಿ ಆಂಟಿ" ಎಂದು ಅವಳ ಬೆನ್ನು ಬಿದ್ದಿದ್ದರು.

ಸಾಹೇಬರಿಗೆ ಮಾತ್ರ ಇದು ಸಹಿಸಲಾಗದ ಅನ್ಯಾಯ.

"ಒಂದು ಗಂಟೆ ಪಾಠಕ್ಕೆ ಹದಿನೈದು ಸಾಲಾ? ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತೇ?"

"ತೂರಿಬಿಟ್ಟೆ ಕಣ್ರೀ. ಜೊಳ್ಳು ಹಾರಿಹೋಯ್ತು, ಕಾಳು ಉಳೀತು."

"ಯಾವುದು ಜೊಳ್ಳು, ಯಾವುದು ಕಾಳು ಅಂತ ತೀರ್ಪು ಕೊಡೋಕೆ ನೀನ್ಯಾರು? ಬರ್ಕೊಳ್ಳೋರ ಕೆಲಸ ಬರ್ಕೊಳ್ಳೋದು. ನಮ್ಮ ಕೋರ್ಟಲ್ಲಿ ಸಾಕ್ಷಿ ಸೀನಿದ್ರೂ ದಾಖಲಾಗತ್ತೆ!"

ಇದು ಬಡಾಯಿಯಲ್ಲ. ಸಾಹೇಬರ ಪೆನ್ಸಿಲ್ ಹಾಳೆಯ ಮೇಲೆ ಓಡುವುದನ್ನು ನೋಡಲು ಹೊಸ ವಕೀಲರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾರು ಎಷ್ಟೇ ಬಿರುಸಾಗಿ ಮಾತಾಡಲಿ, ಅವರ ಶೀಘ್ರಲಿಪಿಯ ಗೆರೆ, ಕೊಕ್ಕೆ, ಚುಕ್ಕಿಗಳ ಬಲೆಯಿಂದ ಒಂದು "ಆದರೆ" ಕೂಡ ತಪ್ಪಿಸಿಕೊಂಡದ್ದಿಲ್ಲ.

ಹೀಗಿರುವಾಗ ಕಿರುಪರೀಕ್ಷೆಗೆ ಐದು ದಿನ ಇದೆ ಎನ್ನುವಾಗ ಹೆಂಡತಿಗೆ ಕಣ್ಣುಬೇನೆ ಬಂತು. ಎರಡೂ ಕಣ್ಣು ಕೆಂಡ. ಓದುವ ಹಾಗಿಲ್ಲ, ನಾಲ್ಕು ಜನರ ನಡುವೆ ಕೂರುವ ಹಾಗಿಲ್ಲ. ಮಾರನೇ ದಿನವೇ 'ನೆನಪು' ಎಂಬ ಕೊನೆಯ ಪಾಠ. ಪರೀಕ್ಷೆಯ ಮುಕ್ಕಾಲು ಪಾಲು ಅದರಿಂದಲೇ.

"ಇದರಲ್ಲಿ ಪಾಸಾಗದಿದ್ರೆ ದೊಡ್ಡ ಪರೀಕ್ಷೆಗೆ ಕೂರಿಸಲ್ಲ, ಈ ವರ್ಷ ಹೋದ ಹಾಗೇ ರೀ," ಎಂದಳು. "ಇನ್ನೊಂದ್ಸಲ ಸೇರೋ ಧೈರ್ಯ ನನಗಿಲ್ಲ." ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದೆಲ್ಲ ಕಣ್ಣುಬೇನೆಯ ನೀರಲ್ಲ ಎಂದು ಸಾಹೇಬರಿಗೆ ಗೊತ್ತಾಯಿತು.

"ನಾನು ಸತ್ತಿದೀನೇನೇ? ನಾಳೆ ನಿನ್ನ ಪರವಾಗಿ ನಾನು ಹಾಜರಾಗ್ತೀನಿ!"

ರಜೆ ಹಾಕಿ, ಮೇಷ್ಟ್ರ ಅಪ್ಪಣೆ ಪಡೆದು, ಐದು ಪೆನ್ಸಿಲ್ ಹೆರೆದುಕೊಂಡು ಸಾಹೇಬರು ಮುಂದಿನ ಬೆಂಚಿನಲ್ಲಿ ಮಂಡಿಸಿದರು. ಪಾಠ ಶುರುವಾಯಿತು, ಪೆನ್ಸಿಲ್ ಹೊರಟಿತು. ಅರ್ಧ ಗಂಟೆಯಾದ ಮೇಲೆ ಮೇಷ್ಟ್ರು, "ಈಗ ತಾನೇ ನಾನು ಏನು ಹೇಳಿದೆ? ಯಾರಾದ್ರೂ ಹೇಳ್ತೀರಾ?" ಎಂದರು. ತರಗತಿ ತಲೆ ತಗ್ಗಿಸಿತು. ಸಾಹೇಬರು ಎದ್ದು ನಿಂತು ಕೋರ್ಟಿನ ಕಂಠದಲ್ಲಿ ಓದಿದರು:

"'ನೆನಪು ಅನ್ನೋದು... ಅಂದ್ರೆ... ಎಲ್ಲಿದ್ವಿ ನಾವು... ಹಾಂ, ಲೇ ಹಿಂದಿನ ಬೆಂಚು, ಆ ಮೊಬೈಲ್ ಒಳಗಿಡು... ನೆನಪು ಅನ್ನೋದು ಗೋದಾಮಲ್ಲ, ತುಂಬಿದ್ದೆಲ್ಲ ಇದ್ದಲ್ಲೇ ಇರೋಕೆ...'"

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರೇ ದಂಗಾದರು. "ಅದ್ಭುತ ಸಾರ್! ಹಾಗಾದ್ರೆ ಆ ಮಾತಿನ ಅರ್ಥ ಏನು?"

"ಅರ್ಥ ನಮ್ಮ ವಿಭಾಗಕ್ಕೆ ಬರಲ್ಲ ಸಾರ್," ಎಂದರು ಸಾಹೇಬರು ವಿನಯದಿಂದ. "ಅದನ್ನ ಜಡ್ಜ್ ಸಾಹೇಬ್ರೇ ನೋಡ್ಕೋತಾರೆ."

ಮನೆಗೆ ಬಂದದ್ದು ನಲವತ್ತು ಪುಟ. ಹೆಂಡತಿ ಕಣ್ಣು ಮುಚ್ಚಿ ಗೋಡೆಗೊರಗಿ ಕೂತಳು, ಸಾಹೇಬರು ಓದತೊಡಗಿದರು.

"ನಿಲ್ಸಿ, ಇದು ಬೇಡ."

"ಮೇಷ್ಟ್ರೇ ಹೇಳಿದ್ದು ಕಣೇ!"

"ಮೇಷ್ಟ್ರು ಅವರ ಮಂಡಿನೋವಿನ ವಿಷಯ ಹೇಳ್ತಿದಾರೆ. ಮುಂದಕ್ಕೆ ಹೋಗಿ... ಹಾಂ, ನಿಲ್ಸಿ. ಇದು ಬೇಕು. ಇನ್ನೊಂದ್ಸಲ ಓದಿ."

ಹೀಗೆ ತೂರಿ ತೂರಿ ನಲವತ್ತು ಪುಟ ಹನ್ನೊಂದು ಸಾಲಿಗೆ ಇಳಿಯಿತು. ಆಮೇಲೆ ಆ ಹೆಂಗಸು ಕಣ್ಣು ತೆರೆಯದೆಯೇ, ಹಾಲು ಉಕ್ಕಿದ್ದು, ಬೀಗದ ಕೈ ಕಳೆದದ್ದು ಎಲ್ಲವನ್ನೂ ಉದಾಹರಣೆಗೆ ಎಳೆದುಕೊಂಡು ಇಡೀ ಪಾಠವನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟಳು! ಸಾಹೇಬರು ಬಾಯಿ ಬಿಟ್ಟುಕೊಂಡು ಕೇಳಿದರು. "ಇದೆಲ್ಲ ನಾನು ಬರೆದದ್ದರಲ್ಲಿ ಇತ್ತೇನೇ?" ಎಂದರು. ಇಷ್ಟು ವರ್ಷ ಇಂಥ ತಲೆಯ ಜೊತೆ ಸಂಸಾರ ಮಾಡಿಯೂ ಉಪ್ಪು ಜಾಸ್ತಿ, ಖಾರ ಕಮ್ಮಿ ಎಂದಷ್ಟೇ ಮಾತಾಡಿದೆನಲ್ಲ ಎಂದು ಅವರಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಪರೀಕ್ಷೆಯ ಹೊತ್ತಿಗೆ ಕಣ್ಣು ವಾಸಿಯಾಯಿತು. ವಾರದ ನಂತರ ಉತ್ತರಪತ್ರಿಕೆ ಬಂತು: ಇಪ್ಪತ್ತಕ್ಕೆ ಇಪ್ಪತ್ತು, ತರಗತಿಗೇ ಮೊದಲು. ಸಾಹೇಬರು ಅದನ್ನು ಅವಳ ಕೈಯಿಂದ ಕಿತ್ತುಕೊಂಡರು.

"ಆಫೀಸಿಗೆ ಬೇಡ ರೀ, ಮೊದಲು ಮನೇಲಿ ಒಂದ್ಸಲ ಓದಿ..."

ಕೇಳುವವರು ಯಾರು? ಸಾಹೇಬರು ಆಗಲೇ ಬೀದಿ ಕೊನೆ ಮುಟ್ಟಿದ್ದರು. ಊಟದ ಬಿಡುವಿನಲ್ಲಿ ಗುಮಾಸ್ತರು, ಟೈಪಿಸ್ಟು, ಜವಾನ ಎಲ್ಲರನ್ನೂ ಸೇರಿಸಿ, ಕುರ್ಚಿಯ ಪಕ್ಕ ನಿಂತು, ಅಲ್ಪವಿರಾಮ ಪೂರ್ಣವಿರಾಮಗಳಿಗೆ ತಕ್ಕ ಗೌರವ ಕೊಡುತ್ತಾ ಓದಿದರು:

"'ಪ್ರಶ್ನೆ: ಕೇಳಿಸಿಕೊಳ್ಳುವುದಕ್ಕೂ ಗ್ರಹಿಸುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಹಿತ ವಿವರಿಸಿ. ಉತ್ತರ: ನನಗೆ ಪರಿಚಯದ ಒಬ್ಬ ಸಜ್ಜನರಿದ್ದಾರೆ. ಅವರ ಕಿವಿಗೆ ಬಿದ್ದ ಮಾತು ತಲೆಯ ಕಡೆ ತಿರುಗಿಯೂ ನೋಡದೆ ನೇರವಾಗಿ ಬೆರಳಿಗೆ ಇಳಿಯುತ್ತದೆ. ಒಂದಕ್ಷರ ಬಿಡದೆ ಬರೆಯುತ್ತಾರೆ, ಒಂದಕ್ಷರ ತಪ್ಪದೆ ಓದುತ್ತಾರೆ. ಏನು ಓದಿದಿರಿ ಎಂದು ಕೇಳಿದರೆ, ಮತ್ತೊಮ್ಮೆ ಓದುತ್ತಾರೆ.' ಅಂಚಿನಲ್ಲಿ ಮೇಷ್ಟ್ರ ಕೈಬರಹ: 'ಅತ್ಯುತ್ತಮ ಉದಾಹರಣೆ. ನಾನೇ ಕಣ್ಣಾರೆ ಕಂಡಿದ್ದೇನೆ.'"

ಟೈಪಿಸ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜವಾನ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ಹೆಂಡತಿಯ ಜಾಣತನಕ್ಕೆ ಎಲ್ಲರೂ ಮನಸೋತರೆಂದು ಸಾಹೇಬರು ಎದೆಯುಬ್ಬಿಸಿ ನಿಂತರು.

"ಸಾಹೇಬ್ರೇ," ಎಂದರು ಹಿರಿಯ ಗುಮಾಸ್ತರು, ನಗು ತಡೆದುಕೊಂಡು, "ಈಗ ಏನು ಓದಿದ್ರಿ?"

ಸಾಹೇಬರು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. 'ಬೆರಳಿಗೆ' ಎಂಬಲ್ಲಿಗೆ ಬರುವಾಗ ಕೋರ್ಟಿನ ಕಂಠ ಸ್ವಲ್ಪ ಇಳಿಯಿತು. 'ಮತ್ತೊಮ್ಮೆ' ಎಂಬಲ್ಲಿ ನಿಂತೇಹೋಯಿತು.

ಸಂಜೆ ಬಾಗಿಲಲ್ಲೇ ಹೆಂಡತಿ ಅಳುಕುತ್ತಾ ಕೇಳಿದಳು: "ಓದಿದ್ರಾ?"

"ಓದಿದೆ. ಎರಡು ಸಲ."

"ಅರ್ಥ ಆಯ್ತಾ?"

"ಮೊದಲನೇ ಸಲಕ್ಕೇ ಆಫೀಸಿನವರಿಗೆಲ್ಲ ಆಯ್ತು," ಎಂದರು ಸಾಹೇಬರು, ಚಪ್ಪಲಿ ಬಿಡುತ್ತಾ. "ನನಗೆ ಎರಡನೇ ಸಲಕ್ಕೆ ಆಯ್ತು."