ಒಂಬತ್ತನೇ ನಿಮಿಷಕ್ಕೆ ನಿಲ್ಲುವ ವಿಡಿಯೋ

"ಜನವರಿ ಹನ್ನೊಂದು. ಅಂಟಿನುಂಡಿ ಡಬ್ಬಿಯಲ್ಲಿ ಎರಡು ಕಡಿಮೆ. ಇಲಿ ಇರಬೇಕು. ಬೋನು ತರಿಸಿದೆ."

ಇದು ನನ್ನ ಹಳೆಯ ದಿನಚರಿಯ ಸಾಲು. ನಡೆದದ್ದನ್ನು ನಡೆದಂತೆ ಬರೆದಿಡುವುದು ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗಿನಿಂದ ನನ್ನ ರೂಢಿ. ಅದರ ಪ್ರಕಾರ ನಮ್ಮ ಮನೆಯ ಯಂತ್ರಗಳು ಕೈಕೊಡುವುದು ಒಂದೇ ಹೊತ್ತಿಗೆ: ನೋಡಲು ಬಂದವರು ಕುಳಿತ ಮೇಲೆ.

ಆ ಚಳಿಗಾಲದಲ್ಲಿ ನಮ್ಮ ಯಜಮಾನರು ಜೋಕಾಲಿಯ ಮೇಲೆ ಕುಳಿತು ಬಾಲ್ಯದ ಮಾತು ಹೇಳುವುದನ್ನು ಮಗಳು ತನ್ನ ಹೊಸ ಫೋನಿನಲ್ಲಿ ತೆಗೆದಿದ್ದಳು. ಬೇಸಿಗೆಯಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಆಮೇಲೆ ಆ ದನಿ ಕೇಳಿದರೆ ನಾವಿಬ್ಬರೂ ಎದ್ದು ಒಳಗೆ ಹೋಗುತ್ತಿದ್ದೆವು. ವಿಡಿಯೋವನ್ನು ಪೂರ್ತಿ ಯಾರೂ ನೋಡಿರಲಿಲ್ಲ.

ನೋಡಬೇಕೆಂದು ಹಟ ಹಿಡಿದವರು ಮುರಗೋಡದಲ್ಲಿರುವ ಅವರ ಅಕ್ಕ. ಕಣ್ಣಿನ ನರ ಸೋತು, ಫೋನಿನಲ್ಲಿ ಮುಖ ಕಾಣದು. ದೊಡ್ಡ ಟಿವಿಯಲ್ಲಾದರೆ ಸ್ವಲ್ಪ ಕಂಡೀತು. ಅದೂ ಎಷ್ಟು ದಿನವೋ ಎಂದಿದ್ದರು ಡಾಕ್ಟರು. ಅವರಿಗೆ ಇನ್ನೊಂದು ಕೊರಗಿತ್ತು. ತಮ್ಮನಿಗೆ ಸಕ್ಕರೆ ಕಾಯಿಲೆಯೆಂದು, ಸಿಹಿ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿಕೊಂಡು, ನಮಗಷ್ಟೇ ಉಂಡಿ ಕಟ್ಟಿ ಕಳಿಸಿದ್ದರು. "ಕಡೀ ಚಳಿಗಾಲದಾಗ ನನ್ನ ಕೈಯಾಂದ ಒಂದು ಉಂಡಿ ಅವನ ಬಾಯಿಗೆ ಹೋಗಲಿಲ್ಲಲ್ಲ ಯವ್ವಾ," ಎಂದು ಬಂದಾಗಲೆಲ್ಲ ಅಳುತ್ತಿದ್ದರು.

ಅವರಿಗಾಗಿ ಟಿವಿಯ ಪಕ್ಕಕ್ಕೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಕಂಪ್ಯೂಟರ್ ಬಂತು. ಯಾರೋ ಬಳಸಿ ಬಿಟ್ಟದ್ದು.

೧. ಬಣ್ಣ

ಮೊದಲ ಸಲ ಹಚ್ಚಿದಾಗ ಯಜಮಾನರು ತಲೆಯಿಂದ ಕಾಲಿನವರೆಗೆ ಹಸಿರಾಗಿದ್ದರು.

"ಯವ್ವಾ, ಇವಾ ಯಾಕ ಹಿಂಗ ಆಗ್ಯಾನ?"

"ಡಬ್ಬಿಗೆ ಬಣ್ಣ ತಿಳೀವಲ್ದರಿ ಅಕ್ಕಾರ."

ಅವರು ಬಹಳ ಹೊತ್ತು ನೋಡಿದರು. "ಸಣ್ಣಾಂವ ಇದ್ದಾಗ ಕಾಮಣಿ ಆಗಿ ಹಳದಿ ಆಗಿದ್ದ. ಹಸರ ಆಗಿದ್ದು ಇದ ಮೊದಲ. ಬಂದ್ ಮಾಡು."

೨. ತಡವಾದ ನಗೆ

ಬಜಾರದ ಕಂಪ್ಯೂಟರ್ ಅಂಗಡಿಯವರಿಗೆ ಫೋನು ಮಾಡಿದೆ. "ವಿಡಿಯೋ ಬಿಚ್ಚಾಕ ಅದರಾಗ ಬ್ಯಾರೆ ಚಿಪ್ ಇರತೈತ್ರಿ. ನಿಮ್ಮ ಹೊಸ ಫೋನಿನ ನಮೂನಿ ಆ ಹಳೇ ಚಿಪ್ಪಿಗೆ ತಿಳಿಯೂದಿಲ್ಲ. ಹಾರ್ಡ್‌ವೇರ್ ಆಕ್ಸಿಲರೇಶನ್ ಅಂತ ಇರತೈತಿ, ಬಂದ್ ಮಾಡ್ರಿ. ಕೆಲಸ ಪ್ರೊಸೆಸರ್ ಮ್ಯಾಲೆ ಬೀಳತೈತಿ," ಎಂದರು. ನಾನೇ ಹುಡುಕಿ ಬಂದ್ ಮಾಡಿದೆ.

ಎರಡನೇ ಸಲ ಬಣ್ಣ ಸರಿಬಂತು. ಆದರೆ ಮಾತು ಮುಂದೆ, ಚಿತ್ರ ಹಿಂದೆ. ನಗೆಮಾತು ಮುಗಿದು, ಊರಲ್ಲಿ ಯಾರದೋ ಸಾವಿನ ಮಾತು ಹೇಳುವಾಗ ಯಜಮಾನರು ಹಲ್ಲು ಬಿಟ್ಟು ನಕ್ಕರು. ನನಗೆ ಸಂಕೋಚವಾಯಿತು. ಅಕ್ಕ ಮಾತ್ರ ತಲೆಯಾಡಿಸಿದರು: "ಬರೋಬರಿ ಐತಿ ಬಿಡು. ಅವಗ ಯಾವಾಗಲೂ ಹಿಂದಾಗಡೆನ ತಿಳೀತಿತ್ತು."

ಒಂಬತ್ತನೇ ನಿಮಿಷಕ್ಕೆ ಚಿತ್ರ ನಿಂತು, ಡಬ್ಬಿಯೇ ಬಂದ್ ಆಯಿತು. ಮತ್ತೆ ಹಚ್ಚಿದರೂ ಅಷ್ಟೇ, ಒಂಬತ್ತನೇ ನಿಮಿಷ. ಬರೆದಿಟ್ಟೆ.

೩. ಖಣದ ಅಂಗಿ

ಅಂಗಡಿಯವರು ಮನೆಗೇ ಬಂದರು. ನಮ್ಮಲ್ಲಿ ಮಿಕ್ಸರಿಗೆ, ಫ್ರಿಜ್ಜಿಗೆ, ಹೊಲಿಗೆ ಯಂತ್ರಕ್ಕೆ ಎಲ್ಲಕ್ಕೂ ಮುಸುಕುಂಟು. ಈ ಡಬ್ಬಿಗೆ ನಾನು ಖಣದ ಬಟ್ಟೆಯಲ್ಲಿ, ಒಳಗೆ ಅಸ್ತರು ಕೊಟ್ಟು, ಮೈಗೆ ಬಿಗಿಯಾಗಿ ಹೊಲಿದಿದ್ದೆ. ವಿಡಿಯೋ ಓಡುತ್ತಿದ್ದಾಗ ಅವರು ಮುಟ್ಟಿ ಕೈ ಹಿಂದೆಳೆದುಕೊಂಡರು.

"ಅವ್ವಾರ, ಇದು ಕಾದು ಕೆಂಡ ಆಗೇತ್ರಿ! ಉಸರಾಡಬೇಕರಿ ಇದು."

"ಧೂಳ ಕೂಡೂದಿಲ್ಲೇನ್ರಿ?"

"ಕೂಡಲ್ರಿ! ಹಂಗಾರ ಫ್ಯಾನಿಗೂ ಅಂಗಿ ತೊಡಸ್ತೀರೇನು?"

"ಬ್ಯಾಸಗಿ ಮುಗದ ಮ್ಯಾಲೆ ತೊಡಸ್ತೇವ್ರಿ," ಎಂದೆ. ಇದ್ದದ್ದನ್ನೇ ಹೇಳಿದ್ದು.

ಮುಸುಕು ತೆಗೆದರೂ ಚಿತ್ರ ಹಿಂದೆ ಬೀಳುವುದು ತಪ್ಪಲಿಲ್ಲ. ಅವರು ವಿಡಿಯೋವನ್ನು ಒಯ್ದು, ಹಳೇ ಚಿಪ್ಪಿಗೆ ತಿಳಿಯುವ ಹಳೇ ನಮೂನೆಗೆ ತಿರುವಿ, ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರು.

೪. ಒಂಬತ್ತನೇ ನಿಮಿಷ

ಮೂರನೇ ಸಲ ಅಕ್ಕ ಬಂದಾಗ ಅವರ ಕಣ್ಣು ಇನ್ನೂ ಮಂದವಾಗಿತ್ತು. ಟಿವಿಗೆ ಒಂದು ಮಾರು ದೂರದಲ್ಲಿ ಕುರ್ಚಿ ಹಾಕಿದೆ. ಬಣ್ಣ ಸರಿ, ಮಾತು ಸರಿ. ಎಂಟು ನಿಮಿಷವಾಯಿತು. ಒಂಬತ್ತೂ ದಾಟಿತು.

ವಿಡಿಯೋದಲ್ಲಿ ಮಗಳು, "ಅಪ್ಪಾ, ಹಾಲು ಉಕ್ಕತೈತಿ, ಬಂದೆ," ಎಂದು ಫೋನನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಹೋದಳು. ಯಜಮಾನರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಎದ್ದರು. ಹಿಂದಿನ ಕಪಾಟಿನಿಂದ ಡಬ್ಬಿ ತೆಗೆದು ಒಂದು ಉಂಡಿ ತಿಂದರು. ಮುಚ್ಚಳ ಹಾಕಿದರು. ಮತ್ತೆ ತೆಗೆದು ಇನ್ನೊಂದು ತಿಂದರು. ಧೋತರಕ್ಕೆ ಕೈ ಒರಸಿಕೊಂಡು ಜೋಕಾಲಿಗೆ ಬಂದು, ಪೂಜೆಗೆ ಕುಳಿತವರಂತೆ ಕುಳಿತರು.

ಅಕ್ಕ ಎದ್ದು ಹೋಗಿ ಪರದೆಗೆ ಮುಖ ತಾಗಿಸಿ ನಿಂತರು.

"ಯವ್ವಾ, ಅವು ನನ್ನ ಉಂಡಿ ಹೌದಲ್ಲ?"

"ಹೌದ್ರಿ ಅಕ್ಕಾರ."

"ಎರಡು ತಿಂದ?"

"ಎರಡರಿ."

"ಕಳ್ಳ," ಎಂದರು. ಸೆರಗಿನಿಂದ ಕಣ್ಣೊರಸಿಕೊಂಡು ಕುರ್ಚಿಗೆ ಮರಳಿದರು. "ಹಿಂದ ಸರಸು. ಇನ್ನೊಮ್ಮೆ ತಿನ್ನಲಿ."

ಆ ದಿನ ಯಜಮಾನರು ಒಟ್ಟು ಹದಿನಾಲ್ಕು ಉಂಡಿ ತಿಂದರು.

ಖರ್ಚು: ವಿಡಿಯೋ ತಿರುವಿದ್ದಕ್ಕೆ, ಪೆನ್‌ಡ್ರೈವ್ ಸೇರಿ, ಆರುನೂರು ರೂಪಾಯಿ. ಮುರಗೋಡದ ಬಸ್ಸು ಮೂರು ಸಲ, ಹೆಣ್ಣುಮಕ್ಕಳಿಗೆ ಪುಕ್ಕಟೆ. ಖಣ ಒಂದು. ಇಲಿ ಬೋನು ಒಂದು, ನೂರಾ ಇಪ್ಪತ್ತು ರೂಪಾಯಿ. ಇಂದಿನವರೆಗೆ ಏನೂ ಬಿದ್ದಿಲ್ಲ.